ಇಬ್ಬರಿಗೊಂದು ಎಡಗೈ

ನಾರ್ಬರ್ಟ್ ಕ್ವಾಪಿಲ್ ಅಡುಗೆಮನೆಯ ಮೇಜಿನ ಮುಂದೆ ಕೂತು, ಒದ್ದೆ ಬಟ್ಟೆಯಿಂದ ಅಕಾರ್ಡಿಯನ್ ಒರೆಸುತ್ತಿದ್ದ. ಬಲಗೈ ಒಂದೇ ಕೆಲಸ ಮಾಡುತ್ತಿತ್ತು. ಎಡಗೈ ನೀಲಿ ಪಟ್ಟಿಯಲ್ಲಿ ಕತ್ತಿನಿಂದ ಜೋತುಬಿದ್ದು, ತೊಟ್ಟಿಲ ಮಗುವಿನಂತೆ ಎದೆಗೊರಗಿತ್ತು. ಕಿಟಕಿಯಾಚೆ ಕೊಲ್ಲಿಯ ಮಂಜುಗಡ್ಡೆಯ ಮೇಲೆ ಮಾರ್ಚ್ ತಿಂಗಳ ಬಿಳಿ ಮಬ್ಬು. ದಡ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲಾಗದಂಥ ಬೆಳಗು. ಅವನು ಉಸಿರು ಬಿಗಿಹಿಡಿದು ಒರೆಸುತ್ತಿದ್ದ. ಸದ್ದಾಗಬಾರದು. ಸದ್ದಾದರೆ ಪಕ್ಕದ ಮನೆಯ ಅರ್ಡಿಸಜ್ಜಿ ಬರುತ್ತಾಳೆ.

ತಿದಿಗೆ ಬಿಗಿದ ಚರ್ಮದ ಪಟ್ಟಿಯ ಕೆಳಗೆ ಒಂದಿಷ್ಟು ಧೂಳು ಕಂಡಿತು. ಪಟ್ಟಿಯ ಗುಂಡಿ ಬಿಚ್ಚಿದ. ಅದೇ ತಪ್ಪಾಯಿತು. ತೊಡೆಯ ಮೇಲಿಂದ ತಿದಿ ಜಾರಿ, ತನ್ನ ಭಾರಕ್ಕೆ ತಾನೇ ಬಿಚ್ಚಿಕೊಂಡು, ಕರು ಕಳೆದುಕೊಂಡ ಹಸುವಿನಂತೆ ಉದ್ದಕ್ಕೆ ಗೋಳಿಟ್ಟಿತು.

ಗೋಳು ಮುಗಿಯುವ ಮೊದಲೇ ಹಿಂಬಾಗಿಲು ತೆರೆಯಿತು.

"ನಾರ್ಬ್! ಏನ್ ಮಾಡ್ತಿದೀಯ ಆ ಕೈಗೆ?"

"ಕೈಗೇನೂ ಮಾಡಿಲ್ಲ ಅಜ್ಜಿ. ಇದು ತಾನಾಗೇ..."

"ತಾನಾಗೇ ಹಾಡೋಕೆ ಅದೇನು ಕೋಗಿಲೇನಾ?" ಅರ್ಡಿಸಜ್ಜಿ ಮನೆಚಪ್ಪಲಿಯಲ್ಲೇ ಹಿಮ ತುಳಿದು ಬಂದಿದ್ದಳು. "ಅದು ನಿನ್ನೊಬ್ಬನ ಕೈ ಅಂದ್ಕೊಂಡಿದೀಯಾ? ಊರಿನ ಕೈ ಕಣೋ ಅದು!"

ಊರಿನ ಕೈ ಆದದ್ದು ಹೀಗೆ. ಹ್ಯಾರೋ ಬೇ ಎಂಬ ಆ ಪುಟ್ಟ ಊರಿನಲ್ಲಿ, ಕೈಯಲ್ಲಿ ಚೆಂಡೆಸೆದು ಆಡುವ ಅಮೆರಿಕದ ಫುಟ್‌ಬಾಲ್ ನೋಡದವನು ನಾರ್ಬರ್ಟ್ ಒಬ್ಬನೇ. ಕಳೆದ ನವೆಂಬರಿನ ಒಂದು ಭಾನುವಾರ ಎಲ್ಲರೂ ಟಿವಿ ಮುಂದಿದ್ದಾಗ ಅವನು ಏಣಿ ಹತ್ತಿ ಚಳಿ ತಡೆಯುವ ಎರಡನೇ ಕಿಟಕಿ ಕೂರಿಸುತ್ತಿದ್ದ. ಅದೇ ಗಳಿಗೆಗೆ ಮೈದಾನದಲ್ಲಿ ಊರಿನವರ ಮೆಚ್ಚಿನ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆಯುವ ಮುಖ್ಯ ಆಟಗಾರ, ಬ್ರೈಸ್ ಟೆಲ್ಫೋರ್ಡ್ ಎಂಬ ಎಡಚ, ಚೆಂಡು ಎಸೆಯಲೆಂದು ತೋಳೆತ್ತಿದ. ಎದುರು ತಂಡದ ಗೂಳಿಯಂಥವನೊಬ್ಬ ಬಂದು ಗುದ್ದಿದ. ಎಡಭುಜ ಹೋಯಿತು. ಬೀದಿಯ ಅಷ್ಟೂ ಮನೆಗಳಿಂದ ಒಂದೇ ಸಲ "ಅಯ್ಯೋ!" ಎಂದು ಕೂಗು ಎದ್ದಿತು. ಬೆಚ್ಚಿಬಿದ್ದ ನಾರ್ಬರ್ಟ್ ಏಣಿಯಿಂದ ಬಿದ್ದ. ಅವನದೂ ಎಡಭುಜವೇ.

ಅಷ್ಟಕ್ಕೇ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಆದರೆ ಹಿಮ ಬಾಚಿ ನಾರ್ಬರ್ಟನ ಭುಜ ಊದಿಕೊಂಡ ವಾರವೇ ಟೆಲ್ಫೋರ್ಡನ ಭುಜವೂ ಊದಿದೆ ಎಂದು ಪತ್ರಿಕೆಯಲ್ಲಿ ಬಂತು. ನಾರ್ಬರ್ಟ್ ಎಡಗೈಯಲ್ಲಿ ಚಮಚ ಎತ್ತಿದ ದಿನವೇ ಟೆಲ್ಫೋರ್ಡ್ ಚೆಂಡು ಹಿಡಿದ ಚಿತ್ರ ಬಂತು. ಆಮೇಲೆ ಊರಿನವರು ಪತ್ರಿಕೆ ಕಾಯುವುದನ್ನೇ ಬಿಟ್ಟರು. ನೇರವಾಗಿ ನಾರ್ಬರ್ಟನ ಭುಜ ನೋಡಲು ಬರತೊಡಗಿದರು.

ನಾರ್ಬರ್ಟ್ ಇದನ್ನು ನಂಬುತ್ತಿರಲಿಲ್ಲ. ಆದರೆ ಕನಸು ಅವನ ಮಾತು ಕೇಳುತ್ತಿರಲಿಲ್ಲ. ಕನಸಿನಲ್ಲಿ ಅವನೂ ಟೆಲ್ಫೋರ್ಡನೂ ಹೆಪ್ಪುಗಟ್ಟಿದ ಕೊಲ್ಲಿಯ ನಡುವೆ, ಮಂಜುಗಡ್ಡೆಯಲ್ಲಿ ಕೊರೆದ ಒಂದೇ ತೂತಿಗೆ ಗಾಳ ಇಳಿಬಿಟ್ಟು ಕೂತಿರುತ್ತಿದ್ದರು. ಇಬ್ಬರಿಗೂ ಸೇರಿ ಒಂದೇ ಎಡಗೈ. ಮೀನು ಕಚ್ಚಿದವನು ಅದನ್ನು ಕೇಳಿ ಪಡೆಯುತ್ತಿದ್ದ. "ನಮ್ಮದು ಹೇಗಿದೆ?" ಎಂದು ಟೆಲ್ಫೋರ್ಡ್ ಮೆಲ್ಲಗೆ ಕೇಳುತ್ತಿದ್ದ.

"ಇವತ್ತು ನುಡಿಸಲೇಬೇಕು ಅಜ್ಜಿ," ಎಂದ ನಾರ್ಬರ್ಟ್. "ಡಾಕ್ಟರೂ ಪಟ್ಟಿ ತೆಗೀಬಹುದು ಅಂದಿದಾರೆ."

"ಡಾಕ್ಟರಿಗೇನು ಗೊತ್ತು? ಅವನು ಬೇಸ್‌ಬಾಲ್ ನೋಡೋನು." ಅಜ್ಜಿ ತನ್ನ ಉಣ್ಣೆ ಶಾಲನ್ನು ಅವನ ಪಟ್ಟಿಯ ಮೇಲೊಂದು ಸುತ್ತು ಬಿಗಿದಳು. "ವಿಶ್ರಾಂತಿ. ಆಟ ಶುರುವಾಗೋ ಸೆಪ್ಟೆಂಬರ್‌ವರೆಗೂ ವಿಶ್ರಾಂತಿ."

ಸೆಪ್ಟೆಂಬರ್‌ವರೆಗೆ ವೆರೋನಾ ಕಾಯುವುದಿಲ್ಲ. ದಡದ ಹೋಟೆಲಿನಲ್ಲಿ ಅವಳು ಪ್ರತಿ ಶುಕ್ರವಾರ ಮೀನೂಟ ಹಾಕುತ್ತಿದ್ದಳು. ಊಟದ ಮೇಲೆ ನಾರ್ಬರ್ಟನ ಅಕಾರ್ಡಿಯನ್, ಜನರ ಕುಣಿತ. ಎಲ್ಲರೂ ಹೋದ ಮೇಲೆ ಅವನು ಕೊನೆಗೊಂದು ನಿಧಾನದ ವಾಲ್ಟ್ಸ್ ನುಡಿಸುತ್ತಿದ್ದ. ವೆರೋನಾ ಏಪ್ರನ್ ಬಿಚ್ಚಿಟ್ಟು, ಕಸಪೊರಕೆಯನ್ನೇ ಜೊತೆಗಾರನನ್ನಾಗಿ ಹಿಡಿದು ಖಾಲಿ ಊಟದ ಕೋಣೆಯಲ್ಲಿ ತೇಲುತ್ತಿದ್ದಳು. ಆ ಗಳಿಗೆಯಲ್ಲಿ ನಾರ್ಬರ್ಟನಿಗೆ ಹೋಟೆಲೇ ಕಟ್ಟು ಬಿಚ್ಚಿಕೊಂಡ ದೋಣಿಯಂತೆ ನೀರಿನ ಮೇಲೆ ಹೊರಟ ಹಾಗೆ ಅನಿಸುತ್ತಿತ್ತು. ಎಂದಾದರೊಂದು ಶುಕ್ರವಾರ "ಪೊರಕೆ ಬಿಡು, ನಾನಿದೀನಿ" ಎನ್ನಬೇಕು ಎಂದುಕೊಂಡಿದ್ದ. ಆಗ ನುಡಿಸುವವರು ಯಾರು ಎಂಬ ಪ್ರಶ್ನೆ ಬಂದು ಸುಮ್ಮನಾಗುತ್ತಿದ್ದ. ಹೋದ ವಾರ ವೆರೋನಾ ಹೇಳಿದ್ದಳು: "ನಾರ್ಬ್, ಜನ ಮೀನು ತಿಂದು ಶವಸಂಸ್ಕಾರದಿಂದ ಹೋದ ಹಾಗೆ ಹೋಗ್ತಿದಾರೆ. ಈ ಶುಕ್ರವಾರ ನುಡಿಸಿದ್ರೆ ಸರಿ. ಇಲ್ದಿದ್ರೆ ಹಾಡಿನ ಪೆಟ್ಟಿಗೆ ಬಾಡಿಗೆಗೆ ತರಿಸ್ತೀನಿ. ಅದಕ್ಕೆ ಭುಜ ಇಲ್ಲ."

ಅಕಾರ್ಡಿಯನ್ ಹೊತ್ತುಕೊಂಡು ಹೋಗಲು ಒಂದು ಕೈ ಸಾಲದು. ಮಾಂಸದಂಗಡಿಯ ಎಲ್ಡನ್ ಬಳಿ ವ್ಯಾನ್ ಇತ್ತು. ನಾರ್ಬರ್ಟ್ ಮಧ್ಯಾಹ್ನ ಅಂಗಡಿಗೆ ಹೋದ. ಅಲ್ಲಿ ಸಾಸೇಜ್ ಕೊಳ್ಳುವವರಿಗಿಂತ ಟೆಲ್ಫೋರ್ಡನ ಭವಿಷ್ಯ ನಿರ್ಧರಿಸುವವರೇ ಹೆಚ್ಚು.

"ಬಂತು ನೋಡ್ರಪ್ಪ ಭುಜ!" ಎಂದ ಎಲ್ಡನ್, ನಾರ್ಬರ್ಟನ ಮುಖ ನೋಡದೆ. "ಇದೇನಯ್ಯಾ, ಶಾಲು ಸುತ್ಕೊಂಡು ಬಾಣಂತಿ ಥರ?"

"ಅರ್ಡಿಸಜ್ಜಿ ಕಟ್ಟಿದ್ದು."

"ಆ ಮುದುಕಿ ಹಾಳು ಮಾಡ್ತಾಳೆ. ತೋಳು ಅಂದ್ರೆ ಹಳೇ ಟ್ರ್ಯಾಕ್ಟರ್ ಇದ್ದ ಹಾಗೆ ಕಣಯ್ಯ. ಚಳಿಗಾಲ ಪೂರ್ತಿ ನಿಲ್ಲಿಸಿದ್ರೆ ಆಮೇಲೆ ಕೆಮ್ಮುತ್ತೆ ಅಷ್ಟೆ." ಎಲ್ಡನ್ ಶಾಲು, ಪಟ್ಟಿ ಎರಡನ್ನೂ ಬಿಚ್ಚಿ ತಕ್ಕಡಿಯ ಮೇಲಿಟ್ಟ.

ಮೂಲೆಯಲ್ಲಿ ಪತ್ರಿಕೆ ಹಿಡಿದಿದ್ದ ನಿವೃತ್ತ ಅಂಚೆಯವ ಲಾಯ್ಡ್ ನಿಟ್ಟುಸಿರುಬಿಟ್ಟ. "ಟೆಲ್ಫೋರ್ಡ್ ಕತೆ ಮುಗೀತು. ಮೂವತ್ತು ದಾಟಿದ ಭುಜ. ಇನ್ನು ಅದು ತಲೆ ಕೆರ್ಕೊಳ್ಳೋಕೆ ಮಾತ್ರ."

"ನನಗೆ ಐವತ್ತೆರಡು," ಎಂದ ನಾರ್ಬರ್ಟ್.

"ನಾನೇನು ನಿನ್ನ ವಿಷಯ ಮಾತಾಡ್ತಿದೀನಾ?" ಎಂದ ಲಾಯ್ಡ್.

ಎಲ್ಡನ್ ಕಾಗದದಲ್ಲಿ ಸುತ್ತಿದ ದಪ್ಪನೆಯ ಸಾಸೇಜ್ ಒಂದನ್ನು ತಂದು ನಾರ್ಬರ್ಟನ ಎಡಗೈಯಲ್ಲಿ ಇಟ್ಟ. "ಎಸಿ. ಲಾಯ್ಡ್ ಬಾಗಿಲ ಹತ್ರ ನಿಲ್ತಾನೆ, ಅವನಿಗೆ ಎಸಿ. ಎಸೆದ್ರೆ ವ್ಯಾನ್ ಕೊಡ್ತೀನಿ, ನಾನೇ ಅಕಾರ್ಡಿಯನ್ ಹೊತ್ಕೊಂಡೂ ಹೋಗ್ತೀನಿ."

"ನಾನ್ಯಾಕೆ ಹಿಡೀಬೇಕು?" ಎನ್ನುತ್ತಲೇ ಲಾಯ್ಡ್ ಬಾಗಿಲಿಗೆ ಹೋಗಿ ನಿಂತು ಪತ್ರಿಕೆಯನ್ನು ಚೀಲದಂತೆ ಹರಡಿದ.

ನಾರ್ಬರ್ಟ್ ವೆರೋನಾಳ ಪೊರಕೆಯನ್ನು ನೆನೆದು, ಕಣ್ಣು ಮುಚ್ಚಿ ಎಸೆದ. ತೋಳು ನೋಯಲಿಲ್ಲ. ಸಾಸೇಜ್ ಸುಂದರವಾಗಿ ಸುತ್ತುತ್ತಾ ಹಾರಿ, ಲಾಯ್ಡನ ತಲೆಯ ಮೇಲಿಂದ ಸಾಗಿ, ಬಾಗಿಲ ಮೇಲಿನ ಗೋಡೆಯಲ್ಲಿದ್ದ ಟೆಲ್ಫೋರ್ಡನ ಕಟ್ಟುಹಾಕಿಸಿದ ಚಿತ್ರಕ್ಕೆ ಬಡಿಯಿತು. ಚಿತ್ರ ಕೆಳಗೆ ಬಿದ್ದು, ತೆರೆದ ಬಾಗಿಲಿನಿಂದ ಜಾರಿ, ರಸ್ತೆಯ ಮಂಜುಗಡ್ಡೆಯ ಮೇಲೆ ಸರಸರನೆ ಹೋಗಿ ಆಚೆ ಬದಿಯ ಅಂಗಡಿಯ ಮೆಟ್ಟಿಲಿಗೆ ತಾಗಿ ನಿಂತಿತು.

"ಅಪಶಕುನ," ಎಂದ ಲಾಯ್ಡ್.

"ಗುರಿ ಅಂದ್ರೆ ಗುರಿ!" ಎಂದು ಎಲ್ಡನ್ ಕುಣಿದ. "ಗಾಳಿಯಲ್ಲಿ ಹೆಂಗೆ ಸುತ್ತಿತು ನೋಡಿದ್ರಾ? ಸೆಪ್ಟೆಂಬರಿಗೆ ನಮ್ಮ ಹುಡುಗ ಸಿದ್ಧ!"

ಇಬ್ಬರ ನಡುವೆ ಜಗಳ ಹತ್ತಿತು. ಸಂಜೆಯ ಹೊತ್ತಿಗೆ ಊರೇ ಎರಡಾಯಿತು. ನಾರ್ಬರ್ಟ್ ಎಲ್ಡನ್‌ನ ವ್ಯಾನಿನಲ್ಲಿ ಹೋಟೆಲಿಗೆ ಬಂದಿಳಿದಾಗ ಅರ್ಡಿಸಜ್ಜಿ ಬಾಗಿಲಲ್ಲೇ ತನ್ನವರನ್ನು ಕಟ್ಟಿಕೊಂಡು ನಿಂತಿದ್ದಳು.

"ಒಳಗೆ ಕಾಲಿಟ್ರೆ ನೋಡು! ಹೊಲಿಗೆ ಬಿಚ್ಚಿದ್ರೆ ಯಾರು ಜವಾಬ್ದಾರಿ?"

"ಅಜ್ಜಿ, ನನಗೆ ಹೊಲಿಗೆ ಹಾಕೇ ಇಲ್ಲ. ಅದು ಟೆಲ್ಫೋರ್ಡ್‌ಗೆ."

"ಅದನ್ನೇ ನಾನೂ ಹೇಳ್ತಿರೋದು!"

ಕೊನೆಗೆ ವೆರೋನಾ ಹೊರಬಂದಳು. ಕೈತುಂಬ ಹಿಟ್ಟು, ಹಣೆಯ ಮೇಲೆ ಬೆವರು. "ಎಲ್ಲರೂ ಒಳಗೆ ಬನ್ನಿ, ಮೀನು ಆರ್ತಿದೆ. ನಾರ್ಬ್ ತಿದಿ ಎಳೀಲಿ. ಪೂರ್ತಿ ಎಳೆದ್ರೆ ಟೆಲ್ಫೋರ್ಡ್ ಮುಂದಿನ ಸಲ ಆಡ್ತಾನೆ. ಅರ್ಧಕ್ಕೆ ನಿಂತ್ರೆ ಅಜ್ಜಿ ಹೇಳಿದ್ದೇ ಸರಿ. ಒಪ್ಪಿಗೆನಾ?"

ಈ ತೀರ್ಪು ಎರಡೂ ಕಡೆಯವರಿಗೆ ಹಿಡಿಸಿತು. ನಾರ್ಬರ್ಟನನ್ನು ಯಾರೂ ಕೇಳಲಿಲ್ಲ.

ಅವನು ಕುರ್ಚಿಯ ಮೇಲೆ ಕೂತು ಅಕಾರ್ಡಿಯನ್ ಏರಿಸಿಕೊಂಡ. ಫೋರ್ಕುಗಳು ತಟ್ಟೆಗಳ ಮೇಲೆಯೇ ನಿಂತವು. ಬಾರಿನ ಮೇಲಿನ ಟಿವಿ ಮಾತ್ರ ತನ್ನಷ್ಟಕ್ಕೆ ಗೊಣಗುತ್ತಿತ್ತು. ಕಿಟಕಿಗಳಿಗೆ ಮಬ್ಬು ಮುಖ ಒತ್ತಿಕೊಂಡು ನೋಡುತ್ತಿತ್ತು. ನಾರ್ಬರ್ಟ್ ಎಡಗೈಯನ್ನು ಅಕಾರ್ಡಿಯನ್ನಿನ ಪಟ್ಟಿಯೊಳಗೆ ತೂರಿಸಿ ಮೆಲ್ಲಗೆ ಎಳೆದ. ತಿದಿ ಒಂದೊಂದೇ ಮಡಿಕೆ ಬಿಚ್ಚಿಕೊಂಡಿತು. ಇನ್ನೂ ಎಳೆದ. ಇನ್ನೂ. ತೋಳು ಬೆಣ್ಣೆಯಲ್ಲಿ ಸರಿದಂತೆ ಸರಿಯಿತು. ವಾಲ್ಟ್ಸ್ ತಾನಾಗೇ ಹೊರಬಂತು. ಚಳಿಗಾಲ ಪೂರ್ತಿ ಒಳಗೆ ಕಾದಿದ್ದ ಗಾಳಿ ಅದು. ನೆಲ ಒಂಚೂರು ಓಲಾಡಿತು. ದೋಣಿಯ ಕಟ್ಟು ಬಿಚ್ಚಿತು. ವೆರೋನಾ ಜನರೆಲ್ಲ ಇದ್ದಾರೆ ಎನ್ನುವುದನ್ನೂ ಮರೆತು ಏಪ್ರನ್ನಿನ ಗಂಟಿಗೆ ಕೈ ಹಾಕಿದ್ದನ್ನು ಅವನು ಕಂಡ.

"ಪೂರ್ತಿ ಎಳೆದ!" ಎಂದು ಎಲ್ಡನ್ ಕಿರುಚಿದ. ಅಂಗಿಗಳು, ಟೋಪಿಗಳು, ಬ್ರೆಡ್ಡಿನ ತುಂಡುಗಳು ಹಾರಿದವು. ಅರ್ಡಿಸಜ್ಜಿ ಸೋತದ್ದನ್ನು ಮರೆತು ಅಳುತ್ತಾ ನಾರ್ಬರ್ಟನ ಭುಜಕ್ಕೆ ಮುತ್ತಿಟ್ಟಳು. ಮುಖಕ್ಕಲ್ಲ, ಭುಜಕ್ಕೆ.

ಆಗ ಲಾಯ್ಡ್ ಟಿವಿಯ ಕಡೆ ಬೆರಳು ಮಾಡಿದ.

ಟಿವಿಯಲ್ಲಿ ಟೆಲ್ಫೋರ್ಡ್ ನಗುತ್ತಿದ್ದ. ಭುಜ ಪೂರ್ತಿ ವಾಸಿಯಾಗಿದೆ ಎಂದು ವೈದ್ಯರು ಹೇಳಿದ್ದಾರಂತೆ. ಅದಕ್ಕೇ ಇವತ್ತು ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರಂತೆ. ಯಾವ ತಂಡ ಎಂದು ಯಾರೂ ಕೇಳಬೇಕಿರಲಿಲ್ಲ. ರಾಜ್ಯದ ಗಡಿಯಾಚೆಯ ಬದ್ಧವೈರಿ ತಂಡದ ಟೋಪಿ ಅವನ ತಲೆಯ ಮೇಲಿತ್ತು. ಆ ಟೋಪಿ ಹಾಕಿಕೊಂಡು ಬಂದ ಅಳಿಯನಿಗೆ ಎಲ್ಡನ್ ಹಬ್ಬದ ಊಟವನ್ನೇ ಬಡಿಸಿರಲಿಲ್ಲ.

ವಾಲ್ಟ್ಸ್ ಅರ್ಧಕ್ಕೆ ನಿಂತಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಟಿವಿಯಿಂದ ತಿರುಗಿ ನಾರ್ಬರ್ಟನ ಎಡಗೈ ನೋಡಿದರು.

"ಹಾಗಾದ್ರೆ," ಎಂದ ಎಲ್ಡನ್ ನಿಧಾನವಾಗಿ, "ಸೆಪ್ಟೆಂಬರ್‌ನಲ್ಲಿ ಆ ತೋಳು ಎಸೆಯೋದು ನಮ್ಮ ಮೇಲೆ."

"ನಾನು ಬೆಳಗ್ಗೆಯೇ ಹೇಳಿದೆ, ವಿಶ್ರಾಂತಿ ಅಂತ," ಎಂದಳು ಅರ್ಡಿಸಜ್ಜಿ.

"ನೀವು ಹೇಳಿದ್ದೇ ಸರಿ ಅಜ್ಜಿ," ಎಂದ ಎಲ್ಡನ್. "ಕಟ್ಟಿಟ್ಟ ತೋಳು ಕೆಮ್ಮುತ್ತೆ. ಕೆಮ್ಮಲಿ."

ಚಳಿಗಾಲ ಪೂರ್ತಿ ಕಚ್ಚಾಡಿದ್ದ ಅವರಿಬ್ಬರು ಅಂದು ಮೊದಲ ಬಾರಿಗೆ ಒಂದಾದರು. ಎಲ್ಡನ್ ನೀಲಿ ಪಟ್ಟಿ ತಂದ. ಅಜ್ಜಿ ಶಾಲು ತಂದಳು. ಲಾಯ್ಡ್ ಗಂಟು ಹಾಕಿದ. ಅಂಚೆಯ ಮೂಟೆ ಕಟ್ಟಿ ಪಳಗಿದ ಕೈ ಅವನದು.

"ವೆರೋನಾ," ಎಂದ ನಾರ್ಬರ್ಟ್. "ನೀನಾದ್ರೂ ಹೇಳು."

ವೆರೋನಾ ಏಪ್ರನ್ನಿನ ಗಂಟನ್ನು ಮತ್ತೆ ಬಿಗಿದುಕೊಂಡಳು. ಅವನ ತೊಡೆಯಿಂದ ಅಕಾರ್ಡಿಯನ್ನನ್ನು ಮಲಗಿದ ಮಗುವನ್ನು ಎತ್ತುವಂತೆ ಎತ್ತಿಕೊಂಡಳು. "ಇವರ ಸೀಸನ್ ಮುಗೀಲಿ ನಾರ್ಬ್. ಮುಂದಿನ ಫೆಬ್ರವರಿಗೆ ನೋಡೋಣ," ಎಂದು ಮೃದುವಾಗಿ ಹೇಳಿ, ಹಾಡಿನ ಪೆಟ್ಟಿಗೆಯವನಿಗೆ ಫೋನ್ ಮಾಡಲು ಒಳಗೆ ಹೋದಳು.

ನಾರ್ಬರ್ಟ್ ಟಿವಿ ನೋಡಿದ. ಟೆಲ್ಫೋರ್ಡ್ ಈಗ ಹೊಸ ಜನರಿಗೆ ಕೈ ತೋರಿಸಲೆಂದು ಎಡತೋಳನ್ನು ಮೇಲೆತ್ತಿದ. ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಕೂತಾಗಿನ ಅದೇ ನಗು. ಅದೇ ಗಳಿಗೆಗೆ ಪಟ್ಟಿಯೊಳಗೆ ನಾರ್ಬರ್ಟನ ಎಡತೋಳು, ಅವನನ್ನು ಕೇಳದೆ, ಮೆಲ್ಲಗೆ ಮೇಲೇಳತೊಡಗಿತು. ಶಾಲು ಉಬ್ಬಿತು. ಗಂಟು ಕಿರುಗುಟ್ಟಿತು.

"ಹಿಡ್ಕೊಳ್ರೋ!" ಎಂದು ಯಾರೋ ಕೂಗಿದರು. ಮೂವರು ಅವನ ತೋಳಿನ ಮೇಲೆ ಬಿದ್ದರು. ಟಿವಿಯಲ್ಲಿ ಟೆಲ್ಫೋರ್ಡ್ ಕೈ ಇಳಿಸದೆ ನಗುತ್ತಲೇ ಇದ್ದ.

ನಾರ್ಬರ್ಟ್ ಅವನ ಕಣ್ಣನ್ನೇ ನೋಡುತ್ತಾ, ತಗ್ಗಿದ ದನಿಯಲ್ಲಿ ಕೇಳಿದ:

"ಬ್ರೈಸಪ್ಪಾ, ಆ ಕೈ ಸ್ವಲ್ಪ ಕೆಳಗಿಳಿಸ್ತೀಯಾ?"