ನಿದ್ದೆಗೆಂದು ಊರಿಗೆ ಬಂದದ್ದು

ಮಲಗಬೇಕು ಅಂತ ನಾನು ಬಾಯಿಬಿಟ್ಟು ಹೇಳಿದ ದಿನವೇ ಯಾರಿಗೋ ನನ್ನ ಹತ್ತಿರ ಕೆಲಸ ಹುಟ್ಟುತ್ತದೆ. ಮೊದಲಿನಿಂದಲೂ ಹೀಗೇ. ಆದರೆ ಕಳೆದ ಚಳಿಗಾಲದ ಆ ನಾಲ್ಕು ದಿನಗಳಲ್ಲಿ ಆದಷ್ಟು ಯಾವತ್ತೂ ಆಗಿರಲಿಲ್ಲ.

೧

ನಾನು ವಿಮಾನದ ಕೋ-ಪೈಲಟ್. ಆ ವಾರ ನಸುಕಿನ ಡ್ಯೂಟಿಗಳು ಒಂದರ ಮೇಲೊಂದು ಬಿದ್ದಿದ್ದವು. ಗಿಜಿಗುಡುವ ದೊಡ್ಡ ನಿಲ್ದಾಣವೊಂದರಲ್ಲಿ ಇಳಿದ ಮೇಲೆ, ಇನ್ನೊಂದು ರನ್‌ವೇ ದಾಟುವ ಮುಂಚೆ ನಿಲ್ಲಬೇಕಾದ ಗೆರೆ ಕ್ಯಾಪ್ಟನ್ನರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಟವರಿನವರು ನಿಲ್ಲಿ ಎಂದು ಕೂಗಿದಾಗ ನಮ್ಮ ವಿಮಾನದ ಮೂಗು ಗೆರೆಯ ಆಚೆಗಿತ್ತು. ಕಣ್ಣೆದುರೇ ಮತ್ತೊಂದು ವಿಮಾನ ಓಡಿ ಮೇಲೆದ್ದು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಸಂಜೆಯೇ ನನ್ನನ್ನು ಕಂಪನಿಯ ಡಾಕ್ಟರ ಹತ್ತಿರ ಕಳಿಸಿದರು.

ನಾಲ್ಕು ದಿನ ಊರಿಗೆ ಹೋಗಿ ನಿದ್ದೆ ಮಾಡಿ ಬನ್ನಿ, ಐದನೇ ದಿನ ಪರೀಕ್ಷೆ, ಆಗಲೂ ಮಂಕಾಗಿದ್ದರೆ ಹಾರಾಟ ಬಂದ್ ಅಂದರು ಡಾಕ್ಟರು. ಕಳೆದ ವಾರ ಒಟ್ಟು ಎಷ್ಟು ತಾಸು ಮಲಗಿದ್ದಿರಿ ಎಂದೂ ಕೇಳಿದರು. ಲೆಕ್ಕ ಹಾಕುತ್ತ ಅಲ್ಲೇ ತೂಕಡಿಸಿದೆ.

೨

ನಿಂಬರ್ಗಾದ ಮನೆಗೆ ಬಂದವಳೇ, ದಣಿದೇನಿ, ಮಲಗತೇನಿ ಅಂತ ಅವ್ವನಿಗೆ ಹೇಳಿದೆ. ತಪ್ಪಾಗಿದ್ದೇ ಅಲ್ಲಿ. ನಮ್ಮ ಕಡೆ ವಯಸ್ಸಿಗೆ ಬಂದ ಹೆಣ್ಣುಮಗಳು ಹಗಲು ಹೊತ್ತು ಮಲಗಿದಳೆಂದರೆ ಜಡ್ಡು, ಅಂದರೆ ಕಾಯಿಲೆ, ಎಂದೇ ಅರ್ಥ. ಜಡ್ಡು ಅಂದಮೇಲೆ ಬಂದು ಮಾತಾಡಿಸದೆ ಇರುವುದು ಹೇಗೆ? ಮಧ್ಯಾಹ್ನದೊಳಗೆ ಓಣಿಗೆ ಓಣಿಯೇ ಬಂತು. ಜೇವರ್ಗಿಯಿಂದ ಕಾಕಿ ಬಿಸ್ಕೀಟು ಹಿಡಿದುಕೊಂಡು ಬಂದಳು. ಅಫಜಲಪುರದ ದೊಡ್ಡವ್ವ ಬಸ್ಸಿಳಿದು ನೇರ ನನ್ನ ಮಂಚಕ್ಕೇ ಬಂದು, ಭುಜ ಹಿಡಿದು ಅಲುಗಾಡಿಸಿದಳು. ಗಾಬರಿಯಾಗಿ ಎದ್ದು ಕೂತೆ. ಅವಳು ನನ್ನನ್ನು ಮತ್ತೆ ದಿಂಬಿಗೆ ಒತ್ತಿದಳು.

“ಏಳಬ್ಯಾಡ ಬೇ, ಮಲಕೋ. ಏಳಬ್ಯಾಡ ಅಂತ ಹೇಳಾಕಂತನ ಎಬ್ಬಿಸೇನಿ.”

೩

ಎರಡನೇ ದಿನ ಅವ್ವ ಇದು ನಜರ್ ಎಂದು ತೀರ್ಮಾನಿಸಿದಳು. ವಿಮಾನ ಹೋಗುವಾಗ ಮಂದಿಯೆಲ್ಲ ತಲೆಯೆತ್ತಿ ನೋಡುತ್ತಾರೆ, ಆ ಕಣ್ಣೆಲ್ಲ ನನಗೇ ತಾಗಿದೆ ಎಂಬುದು ಅವಳ ವಾದ. ಒಂದು ಹಿಡಿ ಒಣಮೆಣಸಿನಕಾಯಿ ನನ್ನ ಸುತ್ತ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ನಜರ್ ಆಗಿದೆ ಎಂದು ಲೆಕ್ಕ. ಘಾಟು ಎಷ್ಟು ಬಂತೆಂದರೆ ನಾನು, ಅವ್ವ, ಕಾಕಿ, ದೊಡ್ಡವ್ವ ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು. ಒಂದು ತಾಸು ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ನಜರ್ ಏನೂ ಇಲ್ಲ, ಇನ್ನ ನಿಶ್ಚಿಂತಿಯಿಂದ ಮಲಕೋ ಅಂದಳು.

೪

ಐದನೇ ದಿನದ ಪರೀಕ್ಷೆಯಲ್ಲಿ ನಾನು ಪಾಸಾದೆ. ಅದಕ್ಕೆ ಕಾರಣ ಕಬ್ಬಿನ ಟ್ರ್ಯಾಕ್ಟರ್.

ಮೂರನೇ ದಿನದ ಹೊತ್ತಿಗೆ ನನಗೆ ಅಳುವೇ ಬಂದಿತ್ತು. ಬೆಳಿಗ್ಗೆ ಸೋದರಮಾವ ಕಬ್ಬು ಹೇರಿಕೊಂಡು ಭೂಸನೂರಿನ ಕಾರ್ಖಾನೆಗೆ ಹೊರಟಿದ್ದ. ಯಾರಿಗೂ ಹೇಳದೆ ಹತ್ತಿ ಕೂತೆ. ಅಲ್ಲಿ ಟ್ರ್ಯಾಕ್ಟರುಗಳ ಉದ್ದ ಸಾಲು. ಇಬ್ಬರು ಬಂದಿದ್ದರೆ ಒಬ್ಬರು ಮಲಗುವುದು, ಇನ್ನೊಬ್ಬರು ಸಾಲು ನೋಡುವುದು, ಸಾಲು ಸರಿದಾಗ ಎಬ್ಬಿಸುವುದು ಅಲ್ಲಿಯ ಪದ್ಧತಿ. ಮಾಮಾ ಬೇವಿನ ನೆರಳಲ್ಲಿ ತಾಡಪತ್ರಿ ಹಾಸಿದ. ಎಂಜಿನ್ ಸದ್ದು, ಹಾರ್ನ್, ಪ್ರತಿ ಟ್ರ್ಯಾಕ್ಟರಿನಲ್ಲೂ ಬೇರೆ ಬೇರೆ ಹಾಡು. ಆದರೆ ನಾನು ಹೇಗಿದ್ದೇನೆಂದು ಕೇಳುವವರು ಒಬ್ಬರೂ ಇರಲಿಲ್ಲ. ಸತ್ತಂತೆ ಮಲಗಿದೆ.

ಎದ್ದಾಗ ಹೊತ್ತು ಮುಳುಗುತ್ತಿತ್ತು, ನಮ್ಮ ಟ್ರ್ಯಾಕ್ಟರ್ ನಿಂತಲ್ಲೇ ಇತ್ತು. ಎಂಜಿನ್ ಶುರು ಮಾಡಿದರೆ ನನಗೆ ಎಚ್ಚರವಾದೀತೆಂದು ಮಾಮಾ ಹಿಂದಿನವರನ್ನೆಲ್ಲ ಮುಂದೆ ಬಿಟ್ಟಿದ್ದ. ಸರದಿ ಹೋಯಿತಲ್ಲ ಎಂದು ಬೈದೆ.

“ಸರದಿ ಮತ್ತ ಬರತೈತಿ. ನಿನ್ನ ನಿದ್ದಿ ಬರತಿತ್ತೇನು?” ಅಂದ.

ನನ್ನ ಕಣ್ಣು ತುಂಬಿತು. ಈಗ ನೀ ಮಲಗು, ಸಾಲು ನಾನು ನೋಡತೇನಿ ಎಂದು ಅವನನ್ನು ತಾಡಪತ್ರಿಗೆ ಕಳಿಸಿ, ಸ್ಟೇರಿಂಗ್ ಹಿಡಿದು ನೆಟ್ಟಗೆ ಕೂತೆ. ಹತ್ತು ನಿಮಿಷ ಕೂತಿದ್ದು ನೆನಪಿದೆ.

ಯಾರೋ ಮಡ್‌ಗಾರ್ಡ್ ಬಡಿದಾಗ ಬೆಳಕು ಹರಿದಿತ್ತು. ಮುಂದೆ ಗೇಟಿನವರೆಗೆ ರಸ್ತೆ ಖಾಲಿ, ಹಿಂದೆ ತಿರುವಿನವರೆಗೆ ಟ್ರ್ಯಾಕ್ಟರುಗಳು. ಕೆಳಗೆ ಮಾಮಾ ಗೊರಕೆ ಹೊಡೆಯುತ್ತಿದ್ದ. ನಮ್ಮ ಹಿಂದಿನ ಟ್ರ್ಯಾಕ್ಟರಿನ ಡ್ರೈವರ್ ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದ. ಸಿಟ್ಟೇನೂ ಇರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವನಿಗೆ.

“ಅಕ್ಕಾರ, ನೀವು ವಿಮಾನ ನಡಸ್ತೀರಂತ ನಿಮ್ಮ ಮಾಮಾ ಹೇಳಿದ್ರು. ಅಲ್ಲೂ ಇಬ್ಬರೂ ಕೂಡೇ ಮಲಗ್ತೀರೇನ್ರಿ?”