ದಾಳಿಂಬೆ ವೈನು, ತಗ್ಗಿದ ತಲೆ

ಮಾನ ಹೋಗುವ ಪ್ರಸಂಗ ಕೆಲವರಿಗೆ ಜೀವಮಾನದಲ್ಲಿ ಒಂದೋ ಎರಡೋ ಬರುತ್ತವಂತೆ. ನಮ್ಮ ಮನೆಗೆ ಅವು ಹಾಲಿನವನ ಹಾಗೆ ತಪ್ಪದೆ ಬರುತ್ತವೆ. ದಾಳಿಂಬೆ ವೈನು ಮಾಡಲು ಕೈಹಾಕಿದ ಮೇಲಂತೂ ಬಾಗಿಲು ಬಡಿಯುವ ಸೌಜನ್ಯವನ್ನೂ ಬಿಟ್ಟವು.

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವನಲ್ಲ. ಈಗ ನೀವು ನಕ್ಕಿರಲ್ಲ, ಎಲ್ಲರೂ ಹಾಗೆಯೇ ನಗುತ್ತಾರೆ. ಮಸ್ಕಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಲಿಂಗಸುಗೂರಿನ ಮಾವನವರಿಗೆ ದಾಳಿಂಬೆ ತೋಟ. ಬಿರುಕು ಬಿಟ್ಟ ಹಣ್ಣನ್ನು ವ್ಯಾಪಾರಿಗಳು ಮುಟ್ಟುವುದಿಲ್ಲವೆಂದು ಅದನ್ನೆಲ್ಲ ಮಗಳ ಮನೆಗೆ ಚೀಲಗಟ್ಟಲೆ ಕಳಿಸುತ್ತಾರೆ. ತಿಂದು ತಿಂದು ನಮ್ಮ ನಾಲಿಗೆ ಒಗರಾಗಿತ್ತು. ಆಗ ಮುದಗಲ್ಲಿನಲ್ಲಿ ನನ್ನ ಹೆಂಡತಿಗೆ ಶಾಲೆಯಲ್ಲಿ ಕಲಿಸಿದ ಟೀಚರಮ್ಮನ ಮನೆಗೆ ಕ್ರಿಸ್‌ಮಸ್ಸಿಗೆ ಹೋದೆವು. ನಿವೃತ್ತಿಯಾದ ಮೇಲೂ ವರ್ಷಾ ವರ್ಷಾ ಹಬ್ಬಕ್ಕೆ ಅವರೇ ಮನೆಯಲ್ಲಿ ದ್ರಾಕ್ಷಿ ವೈನು ಮಾಡುತ್ತಾರೆ. ಹಣ್ಣು, ಸಕ್ಕರೆ, ಚಿಟಿಕೆ ಯೀಸ್ಟು, ಮೇಲೆ ತಾಳ್ಮೆ. ಇಷ್ಟೇ ಅಂದರು. ಮೊದಲ ಮೂರು ನನ್ನ ಹತ್ತಿರ ಇದ್ದವು.

ಹೆಂಡತಿ ಮಾತ್ರ ಅಂದೇ ಎಚ್ಚರಿಸಿದಳು: "ನಮ್ಮಪ್ಪ ಲಿಂಗಪೂಜಿ ಆಗೋತನಕ ನೀರು ಸೈತ ಮುಟ್ಟಂಗಿಲ್ಲ. ಮಠದಾಗ ಕುಂತು ಮಂದಿಗೆ ಕುಡಿಯೋದು ಬಿಡಸ್ತಾನ. ಅವನ ಹಣ್ಣಿಲೇ ನೀವು ಇದನ್ನ ಮಾಡೀರಿ ಅಂತ ಗೊತ್ತಾದ್ರ, ನಾ ತವರಮನಿ ಹೊಸ್ತಲಾ ಹ್ಯಾಂಗ ತುಳೀಲಿ?"

"ಅವರಿಗೆ ಹ್ಯಾಂಗ ಗೊತ್ತಾಕ್ಕೈತಿ?" ಅಂದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕೈ ಎತ್ತಿದ ಭರಣಿ

ರಸ ಹುದುಗುವಾಗ ಗಾಳಿ ಹೊರಗೆ ಹೋಗಬೇಕು, ಹೊರಗಿನ ಗಾಳಿ ಒಳಗೆ ಬರಬಾರದು. ಭರಣಿಯ ಬಾಯಿಗೆ ಬಲೂನು ಕಟ್ಟು ಅಂದಿದ್ದರು ಟೀಚರಮ್ಮ. ಔಷಧಿ ಅಂಗಡಿಯವನು ಬಲೂನು ಹುಡುಕಿಕೊಂಡು ಯಾಕೆ ಹೋಗಬೇಕು? ಡಾಕ್ಟರುಗಳು ಹಾಕಿಕೊಳ್ಳುವ ರಬ್ಬರಿನ ಗ್ಲೌಸು ಕಟ್ಟಿದೆ. ಭರಣಿಯನ್ನು ಅಡುಗೆಮನೆಯ ಮೂಲೆಯಲ್ಲಿ, ದೇವರ ಜಗಲಿಯ ಪಕ್ಕದಲ್ಲಿ ಇಟ್ಟೆ. ನಮ್ಮ ಮನೆಯಲ್ಲಿ ತಂಪಾದ ಜಾಗ ಅದೊಂದೇ.

ಮರುದಿನ ಹೆಂಡತಿ ಪೂಜೆಗೆ ಕುಳಿತು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ದೇವರ ಪಕ್ಕದಲ್ಲಿ ಐದು ಬೆರಳಿನ ಬಿಳಿ ಕೈ ಒಂದು ಉಬ್ಬಿ, ಎದ್ದು ನಿಂತು ಆಶೀರ್ವಾದ ಮಾಡುತ್ತಿತ್ತು. ಅವಳು ಕೂಗಿದ ಕೂಗಿಗೆ, ಹಿಂದೆ ನಾನು ಹಿಡಿದು ನಿಂತಿದ್ದ ಆರತಿ ತಟ್ಟೆ ನನ್ನ ಕಾಲ ಮೇಲೆ ಬಿತ್ತು.

"ಗಾಳಿ ತುಂಬೇತಿ ಅಷ್ಟ. ಒಳಗ ಛಲೋ ಹುದುಗಾಕತ್ತೈತಿ ಅಂತ ಅರ್ಥ. ದೇವರು ಕೈ ಎತ್ತಿದಂಗ ಐತಿ ನೋಡು," ಎಂದು ಸಮಾಧಾನ ಮಾಡಲು ಹೋದೆ.

"ದೇವರು ಹಿಂಗ ಎತ್ತಂಗಿಲ್ಲ. ಅದು ಬಸ್ ನಿಂದ್ರಸಾಕತ್ತೈತಿ," ಅಂದಳು.

ನೀರು ಬಂತ್ರೀ!

ಗ್ಲೌಸು ರದ್ದಾಯಿತು. ಅದರ ಬದಲು ಸಲೈನ್ ಹಾಕುವ ಸಣ್ಣ ನಳಿಕೆ ತಂದು, ಒಂದು ತುದಿಯನ್ನು ಭರಣಿಗೂ ಇನ್ನೊಂದನ್ನು ನೀರಿನ ಬಾಟಲಿಗೂ ಇಳಿಬಿಟ್ಟೆ. ಭರಣಿಯನ್ನು ಹಿಂದಿನ ಕೋಣೆಗೆ ಸಾಗಿಸಿದೆ. ಗಾಳಿ ಹೊರಬಂದಾಗಲೆಲ್ಲ ನೀರಿನಲ್ಲಿ 'ಗುಳುಕ್' ಎಂದು ಗುಳ್ಳೆ ಏಳುತ್ತಿತ್ತು. ಅದನ್ನು ಕೇಳುತ್ತ ಕೂರುವುದೇ ನನಗೆ ಸುಖ.

ಆ ಕೋಣೆಯ ಗೋಡೆ ಪಕ್ಕದ ಮನೆಯ ಅಜ್ಜಿಗೂ ನಮಗೂ ಒಂದೇ. ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆಯೋ ಇನ್ನೂ ತಡವಾಗಿಯೋ, ಅದು ಅದರ ಇಷ್ಟ. ಅವತ್ತು ಮಧ್ಯಾಹ್ನ ಕರೆಂಟು ಹೋಗಿ ಎಲ್ಲರ ಫ್ಯಾನು ನಿಂತವು. ಓಣಿಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಅಜ್ಜಿಗೆ ಗೋಡೆಯೊಳಗಿಂದ ಕೇಳಿಸಿತು: ಗುಳುಕ್, ಗುಳುಕ್, ಗುಳುಗುಳುಕ್.

"ನೀರು ಬಂತ್ರೀ! ಪೈಪಿನ್ಯಾಗ ಗಾಳಿ ಹೊಂಟೈತಿ, ಹಿಂದ ನೀರು ಬರ್ತಾವ! ಏಳ್ರೀ, ಜಲ್ದಿ ಏಳ್ರೀ!"

ಊಟ ಬಿಟ್ಟವರು, ನಿದ್ದೆ ಬಿಟ್ಟವರು, ತಲೆಗೆ ಅರ್ಧ ಎಣ್ಣೆ ಹಚ್ಚಿಕೊಂಡವರು ಕೊಡ, ಬಕೆಟ್ಟು, ಡ್ರಮ್ಮು ಹೊತ್ತು ಓಡಿ ಬಂದರು. ಪಾಳಿಗಾಗಿ ಎರಡು ಜಗಳವೂ ಆದವು. ನಳ ಮಾತ್ರ ತುಟಿ ಬಿಚ್ಚಲಿಲ್ಲ. ಅಜ್ಜಿ ಮತ್ತೆ ಒಳಗೋಡಿ ಗೋಡೆಗೆ ಕಿವಿ ಹಚ್ಚಿ ಬಂದು, "ನನ್ನ ಕಿವಿ ಆಣಿಗೂ ಅವಾಜ್ ಬರಾಕತ್ತೈತಿ, ಯಾರೂ ಹೋಗಬ್ಯಾಡ್ರಿ," ಎನ್ನುತ್ತಿದ್ದಳು.

ನಿಜ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ನಾನೂ ಒಂದು ಕೊಡ ಹಿಡಿದು ಹೋಗಿ ಬಿಸಿಲಲ್ಲಿ ಪಾಳಿ ನಿಂತೆ.

ಅರ್ಧ ನಿಮಗ

ಗುಳುಕ್ ಸಪ್ಪಳ ಕಡಿಮೆಯಾದ ಮೇಲೆ, ಕೆಳಗೆ ಕೂತ ಗಸಿ ಬಿಟ್ಟು ಮೇಲಿನದನ್ನು ಇನ್ನೊಂದು ಭರಣಿಗೆ ಇಳಿಸಬೇಕು. ನಳಿಕೆಯ ತುದಿಯನ್ನು ಬಾಯಿಂದ ಎಳೆದೆ. ಉಗುಳುವಷ್ಟರಲ್ಲಿ ಒಂದು ಗುಟುಕು ಗಂಟಲಿಗೆ ಇಳಿಯಿತು, ಎರಡರಷ್ಟು ಅಂಗಿಯ ಮೇಲೆ ಇಳಿಯಿತು. ಅಂಗಡಿಗೆ ಹೊತ್ತಾಗಿತ್ತೆಂದು ಹಾಗೆಯೇ ಹೋಗಿ ಕುಳಿತೆ.

ಪಾಮನಕಲ್ಲೂರಿನಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಗಂಡನ ಕುಡಿತ ಬಿಡಿಸಲು ಡಾಕ್ಟರು ಬರೆದುಕೊಟ್ಟ ಗುಳಿಗೆ ಒಯ್ಯುತ್ತಾಳೆ. ಬಂದಾಗಲೆಲ್ಲ ನಾನು ಗುಳಿಗೆಯ ಜೊತೆ ಪುಕ್ಕಟೆ ಉಪದೇಶವನ್ನೂ ಕಟ್ಟಿಕೊಡುತ್ತೇನೆ. ಅವತ್ತೂ ಶುರು ಮಾಡಿದೆ: "ಧೈರ್ಯ ಬಿಡಬ್ಯಾಡ್ರಿ ಅಕ್ಕಾರ. ಚಟ ಅನ್ನೋದು ಒಂದು ಬ್ಯಾನಿ ಇದ್ದಂಗ. ಮನಸ್ಸು ಗಟ್ಟಿ ಮಾಡಿದ್ರ..."

ಆಕೆ ಮೂಗು ಅರಳಿಸಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಅಂಗಿ ನೋಡಿದಳು, ಮುಖ ನೋಡಿದಳು. ಆ ವಾಸನೆಯನ್ನು ಆಕೆಗೆ ಯಾರೂ ಪರಿಚಯ ಮಾಡಿಕೊಡಬೇಕಿರಲಿಲ್ಲ. ಆಕೆಯ ಮುಖದಲ್ಲಿ ಸಿಟ್ಟು ಬಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬಂದದ್ದು ಮರುಕ.

ಗುಳಿಗೆಯ ಪಟ್ಟಿಯನ್ನು ನಡುವೆ ಹರಿದು ಒಂದು ತುಂಡನ್ನು ನನ್ನ ಕಡೆ ಸರಿಸಿದಳು. "ಅರ್ಧ ನಮ್ಮವರಿಗೆ, ಅರ್ಧ ನಿಮಗ. ಧೈರ್ಯ ಬಿಡಬ್ಯಾಡ್ರಿ ಅಣ್ಣಾರ. ಚಟ ಅನ್ನೋದು ಒಂದು ಬ್ಯಾನಿ ಇದ್ದಂಗ."

ತುಂಬುವ ಹೊತ್ತು

ವೈನು ಮಾಡುವುದು ಕಷ್ಟವಲ್ಲ, ಬಾಟಲಿಗೆ ತುಂಬುವ ಹೊತ್ತು ತಿಳಿಯುವುದು ಕಷ್ಟ. ಟೀಚರಮ್ಮ ತಿಳಿಸಿ ಹೇಳಿದ್ದರು: "ಗುಳುಕ್ ನಿಂತ್ರ ಸಾಲದು. ಭರಣಿ ಹಿಂದ ಬ್ಯಾಟರಿ ಹಿಡಿ. ಬೆಳಕು ಈ ಕಡೆ ಸ್ವಚ್ಛ ಕಂಡ್ರ ತುಂಬು. ಮಬ್ಬು ಕಂಡ್ರ ಒಳಗ ಇನ್ನಾ ಜೀವ ಐತಿ ಅಂತ ತಿಳಕೊ. ಅದನ್ನ ಬಾಟ್ಲ್ಯಾಗ ಹಾಕಿ ಬಿರಡಿ ಜಡದ್ರ ಅದು ಸುಮ್ಮಕಿರಂಗಿಲ್ಲ."

ನಾನು ದಿನಾ ಬ್ಯಾಟರಿ ಹಿಡಿಯುತ್ತಿದ್ದೆ. ದಿನಾ ಮಬ್ಬು. ಅಷ್ಟರಲ್ಲಿ ಮಾವನವರ ಫೋನು ಬಂತು: ಮಗಳನ್ನು ನೋಡಬೇಕು ಅನ್ನಿಸಿದೆ, ನಾಳೆ ಬರುತ್ತೇನೆ, ಒಂದು ದಿನ ಇದ್ದು ಹೋಗುತ್ತೇನೆ. ಅವರು ಮಲಗುವುದು ಅದೇ ಹಿಂದಿನ ಕೋಣೆಯಲ್ಲಿ.

ಹೆಂಡತಿ ಸೊಂಟಕ್ಕೆ ಸೆರಗು ಸಿಗಿಸಿ ನಿಂತಳು. "ಇವತ್ತ ತುಂಬ್ರಿ, ಅಪ್ಪ ಬರೋದ್ರೊಳಗ ಸಿಂಧನೂರಿಗೆ ನಿಮ್ಮ ಅಕ್ಕನ ಮನಿಗೆ ಸಾಗಸ್ರಿ. ಇಲ್ಲಾ, ಗಟಾರಕ್ಕ ಸುರುವ್ರಿ."

ಇಷ್ಟು ದಿನ ಕಾದದ್ದನ್ನು ಗಟಾರಕ್ಕೆ ಸುರಿಯಲು ಮನಸ್ಸು ಬರಲಿಲ್ಲ. ಟೀಚರಮ್ಮನಿಗೆ ಫೋನು ಮಾಡಿದೆ. "ಇನ್ನಾ ಸ್ವಲ್ಪ ಮಬ್ಬೈತ್ರಿ, ತುಂಬಿದ್ರ ನಡೀತೈತೇನ್ರಿ? ಮಾವ ಬರಾಕತ್ತಾರ."

"ನಿಮ್ಮ ಮಾವ ಬರ್ತಾರಂತ ಅದು ಜಲ್ದಿ ತಿಳಿ ಆಕ್ಕೈತೇನೋ?" ಅಂದರು.

ಆದರೂ ಗುಜರಿ ಅಂಗಡಿಗೆ ಓಡಿ ಶರಬತ್ತಿನ ಮೂರು ಖಾಲಿ ಬಾಟಲಿ ಕೇಳಿದೆ. ಗುಜರಿಯವನು ನನ್ನನ್ನು ಬಹಳ ಹೊತ್ತು ನೋಡಿದ. "ಅಣ್ಣಾರ, ಖಾಲಿ ಬಾಟ್ಲಿ ಮಾರಾಕ ಕದ್ದು ಬರೋ ದೊಡ್ಡ ಮಂದೀನ ಭಾಳ ನೋಡೀನಿ. ಕೊಳ್ಳಾಕ ಕದ್ದು ಬಂದೋರು ನೀವ ಮೊದಲು."

ತೊಳೆದು, ತುಂಬಿ, ಬಿರಡೆಯನ್ನು ಸುತ್ತಿಗೆಯಿಂದ ಜಡಿದೆ.

ಯಾರ್ದ್ರೀ ಈ ಚೀಲ?

ಮರುದಿನ ನಾನು ಹೊರಡುವ ಮೊದಲೇ ಮಾವನವರು ಬಂದುಬಿಟ್ಟರು. ಹಣೆಗೆ ಮೂರು ಬೆರಳು ವಿಭೂತಿ, ಗಂಜಿ ಹಾಕಿದ ಬಿಳಿ ಧೋತರ. ಊಟವಾದ ಕೂಡಲೇ ನಾನು ಚೀಲ ಹಿಡಿದು, "ಸಿಂಧನೂರಿಗೆ ಹೋಗಿ ಬರ್ತೀನಿ," ಅಂದೆ.

"ಸಿಂಧನೂರಿಗೇನು? ತಡೀರಿ ಅಳಿಯಂದಿರ, ನನಗೂ ಅಲ್ಲಿ ಒಂದೀಟು ಕೆಲಸೈತಿ," ಎಂದು ಅವರು ಚಪ್ಪಲಿ ಮೆಟ್ಟಿಯೇಬಿಟ್ಟರು. ಬಾಗಿಲಲ್ಲಿ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನಿನ ಮೇಲಿದೆ.

ನಮಗೆ ಸಿಕ್ಕದ್ದು ಬಳಗಾನೂರಿನ ಮೇಲೆ ಹೋಗುವ ಬಸ್ಸು. ಭತ್ತ ನಾಟಿಗೆ ಹೊರಟ ಹೆಣ್ಣುಮಕ್ಕಳಿಂದ ಕಿಕ್ಕಿರಿದಿತ್ತು. ವಿಭೂತಿ ನೋಡಿ ಒಬ್ಬಾಕೆ ಮಾವನವರಿಗೆ ಕಿಟಕಿಯ ಪಕ್ಕ ಜಾಗ ಬಿಟ್ಟಳು. ನಾನು ನಿಂತೆ. ನಮ್ಮ ಕಡೆಯ ಬಸ್ಸುಗಳಲ್ಲಿ ಒಂದು ಪದ್ಧತಿ ಇದೆ: ನಿಂತವರ ಚೀಲವನ್ನು ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಕೇಳಬೇಕಾಗಿಯೂ ಇಲ್ಲ.

"ಕೊಡ್ರಿ ಇಲ್ಲೆ," ಮಾವನವರು ಕೈಚಾಚಿದರು.

"ಬ್ಯಾಡ್ರಿ ಮಾವಾರ, ಭಾರ ಐತಿ."

"ಭಾರ ಐತಂತನ ಕೇಳಾಕತ್ತೀನಿ. ಏನೈತಿ ಇದರಾಗ?"

"ಔಷಧ ರೀ. ಅಕ್ಕಗ."

ಔಷಧ ಎಂದ ಮೇಲೆ ಅವರು ಚೀಲವನ್ನು ಎರಡೂ ಕೈಯಿಂದ ಹುಷಾರಾಗಿ ಅಪ್ಪಿ ಹಿಡಿದರು. ಬಿಸಿಲು ಕಿಟಕಿಯಿಂದ ಸೀದಾ ಚೀಲದ ಮೇಲೆ. ರಸ್ತೆ ಪ್ರತಿ ತಗ್ಗಿಗೂ ಆ ಮೂರು ಬಾಟಲಿಗಳನ್ನು ಕುಲುಕುತ್ತಿತ್ತು. ನಾನು ಕಂಬಿ ಹಿಡಿದು ಗೊತ್ತಿದ್ದ ದೇವರನ್ನೆಲ್ಲ ನೆನೆಯುತ್ತಿದ್ದೆ.

ಬಳಗಾನೂರು ಇನ್ನೂ ಬಂದಿರಲಿಲ್ಲ. ಢಬ್!

"ಟೈರ್ ಹೋತು!" ಎಂದು ಕಂಡಕ್ಟರ್ ಕೂಗಿದ. ಬಸ್ಸು ನಿಂತಿತು. ಡ್ರೈವರ್ ಇಳಿದು ಟೈರುಗಳನ್ನೆಲ್ಲ ಒದ್ದು ಬಂದ. ಎಲ್ಲವೂ ಸರಿಯಾಗಿದ್ದವು. ಒಳಗೆ ಮಾವನವರ ಬಿಳಿ ಧೋತರ ಮೊಳಕಾಲಿನವರೆಗೆ ಕೆಂಪಾಗುತ್ತಿತ್ತು. "ಅಯ್ಯ ಶಿವನ, ಅಜ್ಜಗ ರಕ್ತ!" ಎಂದು ಒಬ್ಬಾಕೆ ಚೀರಿದಳು. ಅಷ್ಟರಲ್ಲಿ ವಾಸನೆ ಬಂತು. ಚೀರಿದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಗಲೇ ಎರಡನೆಯ ಬಿರಡೆ ಹಾರಿ ಬಸ್ಸಿನ ಸೂರಿಗೆ ಬಡಿದು ಕಂಡಕ್ಟರನ ಟೋಪಿಯ ಮೇಲೆ ಬಿತ್ತು.

"ಯಾರ್ದ್ರೀ ಈ ಚೀಲ?"

ಹಿಂದಿನ ಸೀಟಿನಲ್ಲಿ ಲಿಂಗಸುಗೂರಿನ ಒಬ್ಬ ಆಸಾಮಿ ಕೂತಿದ್ದ. ಹೋದ ಶ್ರಾವಣದಲ್ಲಿ ಕುಡಿಯುವುದಿಲ್ಲವೆಂದು ಅವನಿಂದ ಮಠದಲ್ಲಿ ಆಣೆ ಮಾಡಿಸಿದವರು ನಮ್ಮ ಮಾವನವರೇ. ಅವನು ಎದ್ದು ನಿಂತು ಮೆಲ್ಲಗೆ ಕೇಳಿದ: "ಯಜಮಾನ್ರ... ನೀವೂ?"

ಮಾವನವರು ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. 'ನಂದು' ಅನ್ನುವ ಒಂದು ಮಾತು ಹೊರಗೆ ಬರಬೇಕಿತ್ತು. ಬರಲಿಲ್ಲ. ಬಸ್ಸಿನ ತುಂಬ ನನ್ನ ಅಂಗಡಿಗೆ ಬರುವ ಗಿರಾಕಿಗಳೇ ಕಾಣುತ್ತಿದ್ದರು. ಈಗಲೂ ಅದನ್ನು ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಮಾವನವರು ಕಂಡಕ್ಟರನ ಕಡೆ ತಿರುಗಿದರು. "ಈ ಚೀಲ ನಂದಪ," ಅಂದರು.

ಕಂಡಕ್ಟರ್ ಚೀಲದೊಳಗೆ ಇಣುಕಿದ. "ಇನ್ನೊಂದು ಐತಲ್ರಿ! ಅದೂ ಸಿಡಿದ್ರ ಯಾರದಾರ ಕಣ್ಣು ಹೋದಾವು. ಕಿಟಕಿ ಹೊರಗ ಹಿಡೀರಿ ಅಜ್ಜಾರ."

ಹಾಗೆ, ನಮ್ಮ ಮಾವನವರು ಮೂರನೆಯ ಬಾಟಲಿಯನ್ನು ಕಿಟಕಿಯ ಹೊರಗೆ ಎತ್ತಿ ಹಿಡಿದುಕೊಂಡು, ಬಳಗಾನೂರಿನ ಬಜಾರಿನ ನಟ್ಟನಡುವೆ ಹಾಯ್ದು, ಸಿಂಧನೂರಿನವರೆಗೆ ಮೆರವಣಿಗೆ ಹೋದರು.

ಇನ್ನಾ ತಿಳಿ ಆಗಿಲ್ಲ

ಬಸ್‌ಸ್ಟ್ಯಾಂಡಿನ ನಳದಲ್ಲಿ ಅವರು ಧೋತರ ಹಿಂಡುತ್ತಿದ್ದಾಗ ನಾನು ಹೋಗಿ ಕಾಲು ಹಿಡಿದೆ. "ತಪ್ಪಾತ್ರಿ ಮಾವಾರ. ಸುಳ್ಳ ಅಂದ್ರ ಆಗದವರು ನೀವು, ನನ್ನ ಸಲುವಾಗಿ ಸುಳ್ಳ ಹೇಳಬೇಕಾತು."

"ಸುಳ್ಳೆಲ್ಲಿ ಬಂತು? ಹಣ್ಣು ಯಾರ ತ್ವಾಟದ್ದು?"

ನಾನು ಎದ್ದು ಧೋತರದ ಇನ್ನೊಂದು ತುದಿ ಹಿಡಿದು ಹಿಂಡತೊಡಗಿದೆ.

"ನಾಳೆ ನಿಮ್ಮ ಅಂಗಡಿಗೆ ಮಂದಿ ಬರಬೇಕಲ್ಲ," ಅಂದರು. ಧೋತರ ಕೊಡವುತ್ತ, "ಅದಿರ್ಲಿ. ಯಾಕ ಸಿಡೀತದು?"

ಬ್ಯಾಟರಿ ಹಿಡಿಯುವುದು, ಮಬ್ಬು, ತಿಳಿ, ಎಲ್ಲ ಹೇಳಿದೆ. ಪುರಾಣ ಕೇಳುವವರ ಹಾಗೆ ಕೇಳಿಸಿಕೊಂಡರು. ಆಮೇಲೆ ಮೂರನೆಯ ಬಾಟಲಿಯನ್ನು ಬೇವಿನ ಮರದ ಬುಡಕ್ಕೆ ಸುರಿದು, ಖಾಲಿ ಬಾಟಲಿಯನ್ನು ತೊಳೆದು ನನ್ನ ಕೈಗೆ ಕೊಟ್ಟರು. ಮಗಳಿಗೆ ಒಂದು ಮಾತೂ ಹೇಳಲಿಲ್ಲ. ನಾನೇ ಹೇಳಿದೆ, ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಸುದ್ದಿ ಲಿಂಗಸುಗೂರಿಗೆ ಮಾವನವರಿಗಿಂತ ಮೊದಲೇ ಮುಟ್ಟಿತ್ತು. ಈಗ ಮಾವನವರು ಮಠದಲ್ಲಿ ಕುಡಿತದ ಕೆಡುಕಿನ ಬಗ್ಗೆ ಮಾತಾಡಿದರೆ ಜನ ಮೊದಲಿಗಿಂತ ಗಮನವಿಟ್ಟು ಕೇಳುತ್ತಾರಂತೆ. ಅನುಭವಸ್ಥರ ಮಾತು ಅಂತ. ನಾನು ಹೋಗಿ ಎಲ್ಲರೆದುರು ನಿಜ ಹೇಳುತ್ತೇನೆ ಅಂದೆ. ಅವರು ಬಿಡಲಿಲ್ಲ. "ಇಬ್ಬರೊಳಗ ಒಬ್ಬರ ಮರ್ಯಾದಿ ಹೋಗೇತಿ. ಇನ್ನೊಬ್ಬರದೂ ಯಾಕ ಕಳೀತೀರಿ?" ಅಂದರು.

ಮೊನ್ನೆ ಅವರನ್ನು ಲಿಂಗಸುಗೂರಿನಿಂದ ಕರೆದುಕೊಂಡು ಬರುತ್ತಿದ್ದೆ. ಬಸ್ಸು ತುಂಬಿತ್ತು. ಅದೇ ಕಂಡಕ್ಟರ್. ಅವನು ಮಾವನವರನ್ನು ಕಂಡವನೇ ಹಲ್ಲು ಕಿಸಿದು, ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಏನ್ರಿ ಅಜ್ಜಾರ, ಇವತ್ತ ಮಾಲು ತಂದಿಲ್ಲೇನು?"

ನಾನು ತಲೆ ತಗ್ಗಿಸಿ ನನ್ನ ಚಪ್ಪಲಿ ನೋಡಿದೆ. ಮಾವನವರು ವಿಭೂತಿಯ ಹಣೆಯನ್ನು ಒಂದಿಷ್ಟೂ ಗಂಟಿಕ್ಕದೆ ನನ್ನ ಕಡೆ ಒಮ್ಮೆ ನೋಡಿ, ಕಂಡಕ್ಟರನಿಗೆ ಹೇಳಿದರು:

"ಇನ್ನಾ ತಿಳಿ ಆಗಿಲ್ಲಪ. ಅವಸರ ಮಾಡಬಾರ್ದು."