ಹಿಂದಿನ ಆಕ್ಸಲ್, ಹಿಂದಿನ ಮಾಲೀಕ

ಬೇರೆಯವರ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಹೀಗೆ ಬಿಡಿಸಿ ಹೇಳಿದರೆ ನನ್ನ ಹೆಂಡತಿ ನಸ್ರೀನ್‌ಗೆ ಇಷ್ಟವಾಗುವುದಿಲ್ಲ. ನೆಂಟರ ಮುಂದೆ ಅವಳು 'ಸಾಫ್ಟ್‌ವೇರ್‌ನಲ್ಲಿದ್ದಾರೆ' ಎಂದಷ್ಟೇ ಹೇಳಿ ಮಾತು ಮುಗಿಸುತ್ತಾಳೆ. ಬೇರೆಯವರು ಕಷ್ಟಪಟ್ಟು ಬರೆದ ಪ್ರೋಗ್ರಾಮನ್ನು ಬೆಳಗಿನಿಂದ ಸಂಜೆಯವರೆಗೆ ಜಗ್ಗಿ, ಗುದ್ದಿ, ಎಲ್ಲಿ ಮುರಿಯುತ್ತದೆ ಎಂದು ನೋಡಿ, ಅದು ಯಾರ ಕೈಯಿಂದ ಆಯಿತು ಎಂದು ಹೆಸರು ಸಮೇತ ವರದಿ ಬರೆಯುವವನು ನಾನು. ಇಂಥ ಕೆಲಸವನ್ನು ಬಹಳ ಕಾಲ ಮಾಡಿದರೆ ಅದು ಆಫೀಸಿನಲ್ಲೇ ಉಳಿಯುವುದಿಲ್ಲ, ಮೈಗೆ ಹತ್ತುತ್ತದೆ. ಮದುವೆ ಮನೆಯಲ್ಲಿ ಬಿರಿಯಾನಿ ತಿನ್ನುವಾಗಲೂ ಉಪ್ಪು ಹೆಚ್ಚಾದದ್ದು ಮಾಂಸ ನೆನೆಸಿದವನಿಂದಲೋ ಅಕ್ಕಿ ಬೇಯಿಸಿದವನಿಂದಲೋ ಎಂದು ಯೋಚಿಸುತ್ತ ಕೂರುವವನು ನಾನು. ಪಕ್ಕದವರು ಅಷ್ಟರಲ್ಲಿ ಎರಡನೇ ಸಲ ಬಡಿಸಿಕೊಂಡಿರುತ್ತಾರೆ.

ಈ ಚಟದಿಂದ ನಾನೊಬ್ಬ ಗೆಳೆಯನನ್ನು ಕಳೆದುಕೊಂಡೆ. ಪೂರ್ತಿ ಕಳೆದುಕೊಂಡೆನೋ ಅರ್ಧವೋ ಇನ್ನೂ ಗೊತ್ತಾಗಿಲ್ಲ. ಅವನ ಹೆಸರು ಶ್ರೀಕಂಠ. ಮೈಸೂರಿನಲ್ಲಿ ಅವನದು ಅಗ್ರಹಾರ, ನನ್ನದು ಮಂಡಿ ಮೊಹಲ್ಲಾ. ನಡೆದು ಹೋಗುವಷ್ಟು ದೂರ. ಅಲ್ಲಿ ಒಂದು ದಿನವೂ ಮುಖ ನೋಡದವರು ಇಲ್ಲಿ, ಸಮುದ್ರದಾಚೆ, ಬಾಥೆಲ್ ಊರಿನ ನಾರ್ತ್ ಕ್ರೀಕ್‌ನಲ್ಲಿ, ಆಫೀಸಿನ ಕಾಫಿ ಯಂತ್ರದ ಮುಂದೆ ನಿಂತು 'ಇದಕ್ಕೂ ಕಾಫಿ ಅಂತಾರಲ್ಲ' ಎಂದು ಒಟ್ಟಿಗೆ ಗೊಣಗಿ ಪರಿಚಯವಾದೆವು. ಆಮೇಲೆ ಅವನು ಸ್ನೊಕ್ವಾಲ್ಮಿಯಲ್ಲಿ ಗುಡ್ಡದ ಮೇಲೆ ಮನೆ ಮಾಡಿದ. ದೂರವಾಯಿತು ಎಂದು ನಾವೇನೂ ಬಿಡಲಿಲ್ಲ. ಒಂದು ಶನಿವಾರ ಅವರು ನಮ್ಮಲ್ಲಿ, ಮುಂದಿನ ಶನಿವಾರ ನಾವು ಅವರಲ್ಲಿ. ಹಬ್ಬ ಅವರದಾದರೂ ನಮ್ಮದಾದರೂ ತಿನ್ನುವವರು ಅದೇ ಏಳು ಜನ: ಅವರು ಮೂವರು, ಇಬ್ಬರು ಮಕ್ಕಳ ಸಮೇತ ನಾವು ನಾಲ್ವರು.

ಹೋದ ವರ್ಷ ಶ್ರೀಕಂಠ ಬ್ಯಾಟರಿ ಕಾರು ಕೊಂಡ. ಹನ್ನೊಂದು ವರ್ಷ ಓಡಿಸಿದ ತನ್ನ ಹಳೆಯ ದೊಡ್ಡ ಗಾಡಿಯನ್ನು ನನಗೆ ಕೊಟ್ಟ. "ಬೇರೆ ಯಾರಿಗೋ ಕೊಡೋಕೆ ಮನಸ್ಸು ಬರ್ತಿಲ್ಲ ಕಣೋ ಇಕ್ಬಾಲ್, ನೀನೇ ಇಟ್ಕೋ. ಕಣ್ಣೆದುರಿಗೆ ಇರುತ್ತೆ," ಎಂದ. ಹೆಣ್ಣು ಒಪ್ಪಿಸಿಕೊಡುವವರ ಧ್ವನಿ ಅದು. ನಾನು ಗಾಡಿಯನ್ನು ಮನೆಗೆ ತಂದು, ಅದರ ಕೆಳಗೆ ತೂರಿ, ಒಂದು ಇಡೀ ಭಾನುವಾರ ಉಜ್ಜಿ ತೊಳೆದೆ. ಅದು ಸೆಪ್ಟೆಂಬರ್.

ನವೆಂಬರ್ ಹೊತ್ತಿಗೆ ಮನೆ ಮುಂದೆ ಗಾಡಿ ನಿಲ್ಲಿಸುವ ಜಾಗದಲ್ಲಿ, ಬಲಗಡೆ ಹಿಂದಿನ ಚಕ್ರದ ಹತ್ತಿರ ಅಂಗೈ ಅಗಲದ ಕಲೆ ಕಾಣಿಸಿತು. ಈ ಊರಿನಲ್ಲಿ ನೆಲ ಒಣಗಿರುವುದೇ ಅಪರೂಪ, ಹಾಗಾಗಿ ಮೊದಲು ನೀರೆಂದುಕೊಂಡೆ. ಆದರೆ ನೀರಿಗೆ ಏಳು ಬಣ್ಣ ಇರುವುದಿಲ್ಲ. ಬೆರಳಿಟ್ಟು ಉಜ್ಜಿದರೆ ಮಂದವಾಗಿ ಜಾರಿತು. ಮೂಸಿದೆ, ಕೊಳೆತ ಮೊಟ್ಟೆ. ನಸ್ರೀನ್‌ಗೂ ಮೂಸಲು ಕೊಟ್ಟೆ. ಮನೆಯಲ್ಲಿ ನಮ್ಮ ಮಾತು ಉರ್ದು, ಬೈಯುವುದಕ್ಕೆ ಮಾತ್ರ ಕನ್ನಡ. ಅವಳು ಅಚ್ಚ ಕನ್ನಡದಲ್ಲಿ "ಕೈ ತೊಳ್ಕೊಂಡು ಒಳಗೆ ಬನ್ನಿ" ಎಂದಳು.

ನನಗೋ ಹಬ್ಬ. ಜೀವಮಾನವಿಡೀ ಕಣ್ಣಿಗೆ ಕಾಣದ ತಪ್ಪುಗಳನ್ನೇ ಹುಡುಕಿದವನಿಗೆ ಕೈಗೆ ಅಂಟುವ ತಪ್ಪೊಂದು ಸಿಕ್ಕಿತ್ತು. ಚಕ್ರದ ಕೆಳಗೆ ರಟ್ಟು ಹಾಸಿದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ರಟ್ಟು ನೋಡಿ, ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಬ್ರೇಕಿನ ಎಣ್ಣೆ ತೆಳು, ಇದು ಗಟ್ಟಿ. ಆದ್ದರಿಂದ ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ ಒಳಗಿನ ಗೇರ್ ಎಣ್ಣೆಯೇ ಇದು ಎಂದು ತೀರ್ಮಾನಿಸಿದೆ. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಮುಂದೆ, ಆಕ್ಸಲನ್ನು ಒರೆಸಿ, ಅದರ ಮೇಲೆಲ್ಲ ಮೈಗೆ ಹಾಕುವ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿದರೆ ಎಣ್ಣೆ ಎಲ್ಲಿಂದ ಒಸರುತ್ತದೆ ಎಂದು ಗೆರೆಯಾಗಿ ಕಾಣುತ್ತದೆಂದು ಎಲ್ಲೋ ನೋಡಿದ್ದೆ. ನಸ್ರೀನಳ ಗಂಧದ ಪೌಡರಿನ ಡಬ್ಬಿ ಖಾಲಿಯಾಯಿತು. ಆ ವಾರ ನಮ್ಮ ಗಾಡಿಯ ಹಿಂದೆ ಸಿಗ್ನಲ್‌ನಲ್ಲಿ ನಿಂತವರಿಗೆ ಮದುವೆ ಮನೆಯ ಪರಿಮಳ ಬಂದಿರಬೇಕು. ಗೆರೆ ಮಾತ್ರ ಸ್ಪಷ್ಟವಾಗಿ ಚಕ್ರದ ಬುಡದಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲಿನಿಂದ ಇಳಿದಿತ್ತು.

ಸೀಲು ಹೋಗಿದೆ. ಸರಿ, ಯಾಕೆ ಹೋಯಿತು? ಎರಡು ತಿಂಗಳಲ್ಲಿ ಸೀಲು ಹಾಳಾಗುವುದಿಲ್ಲ. ಅಂದರೆ ನನ್ನ ಕೈಗೆ ಬರುವ ಮೊದಲೇ ಸೋರುತ್ತಿತ್ತು. ಅಂದರೆ ಅವನಿಗೆ ಗೊತ್ತಿತ್ತು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ನಾನು ಎಷ್ಟು ಸಲೀಸಾಗಿ ಇಳಿದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

"ಒಂದು ಫೋನ್ ಮಾಡಿ ಅವರನ್ನೇ ಕೇಳ್ಬಾರದಾ?" ಎಂದಳು ನಸ್ರೀನ್.

"ಕೇಳಿದ್ರೆ ಇಲ್ಲ ಅಂತಾನೆ."

"ಇಲ್ಲ ಅಂದ್ರೆ ಇಲ್ಲ ಅಂತಾನೇ ಅರ್ಥ ಇರಬಹುದಲ್ರೀ."

ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಇಷ್ಟು ಅಂದವಾಗಿ ಕಟ್ಟಿದ ಕೇಸು ಬಿದ್ದುಹೋಗುತ್ತದೆ. ಈ ಭಯ ಆಗ ನನಗೇ ತಿಳಿದಿರಲಿಲ್ಲ. ಒಂದು ಫೋನಿನ ಕೆಲಸ ಅದು. ಈಗ ಎಷ್ಟು ಹಲುಬಿದರೂ ಆ ಫೋನು ಮಾಡಲು ಆ ದಿನ ವಾಪಸು ಬರುವುದಿಲ್ಲ.

ಅದೇ ತಿಂಗಳು ನಮ್ಮ ಕನ್ನಡದವರ ರಾಜ್ಯೋತ್ಸವ. ಬಾಡಿಗೆಗೆ ಹಿಡಿದ ಶಾಲೆಯ ಊಟದ ಹಾಲಿನಲ್ಲಿ ಎಲ್ಲರೂ ಒಂದೊಂದು ಅಡುಗೆ ತಂದಿದ್ದರು. ತಟ್ಟೆ ಹಿಡಿದು ಎಂಟು ಹತ್ತು ಜನ ನಿಂತಿದ್ದೆವು. ಹೊಸ ಗಾಡಿ ಹೇಗಿದೆ ಎಂದು ಯಾರೋ ಕೇಳಿದರು. ನನಗೊಂದು ಕೆಟ್ಟ ಅಭ್ಯಾಸವಿದೆ. ನಾಲ್ಕು ಜನ ನಗುತ್ತಾರೆ ಎಂದು ಕಂಡರೆ ನನ್ನ ನಾಲಿಗೆ ನನ್ನ ಅಪ್ಪಣೆಗೆ ಕಾಯುವುದಿಲ್ಲ.

"ಶ್ರೀಕಂಠ ಗಾಡಿ ಜೊತೆಗೆ ಎಣ್ಣೆಗಾಣಾನೂ ಕೊಟ್ಟಿದಾನೆ. ಈ ಸಲ ದೀಪಾವಳಿಗೆ ಯಾರಿಗಾದ್ರೂ ಎಣ್ಣೆ ಬೇಕಿದ್ರೆ ಬಟ್ಟಲು ತಗೊಂಡು ನಮ್ಮನೆ ಮುಂದೆ ಬರಬೇಕಿತ್ತು," ಎಂದೆ.

ಎಲ್ಲರೂ ನಕ್ಕರು. ಅಲ್ಲಿಗೇ ನಿಲ್ಲಿಸಿದ್ದರೆ ತಮಾಷೆಯಾಗಿ ಹೋಗುತ್ತಿತ್ತು. "ಗೊತ್ತಿಲ್ದೆ ಕೊಟ್ಟಿರ್ತಾರೆ ಬಿಡಿ," ಎಂದರು ಒಬ್ಬರು. "ಹನ್ನೊಂದು ವರ್ಷ ಓಡಿಸಿದವನಿಗೆ ಗೊತ್ತಿರಲ್ವಾ?" ಎಂದೆ ನಾನು. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ತಿರುಗಿದರೆ ಶ್ರೀಕಂಠ ಮೊಸರನ್ನದ ಪಾತ್ರೆ ಹಿಡಿದು ನಿಂತಿದ್ದಾನೆ. ಅವನೂ ನಕ್ಕ. ನನ್ನ ತಟ್ಟೆಗೆ ಎರಡು ಸೌಟು ಮೊಸರನ್ನ ಹಾಕಿ ಮುಂದಿನವರ ಕಡೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಮೇಷ್ಟ್ರು ಹಲಗೆಯ ಮೇಲೆ ಬರೆಸಿದ್ದು ಆಗ ನೆನಪಾಗಲಿಲ್ಲ. ಮೊಸರನ್ನ ಚೆನ್ನಾಗಿತ್ತು, ತಿಂದೆ.

ಅದಾದ ಮೇಲೆ ಶನಿವಾರಗಳು ತಪ್ಪತೊಡಗಿದವು. ಒಂದು ವಾರ ಮಗಳಿಗೆ ಕ್ಲಾಸು, ಇನ್ನೊಂದು ವಾರ ಗುಡ್ಡದಲ್ಲಿ ಹಿಮ, ಮತ್ತೊಂದು ವಾರ ಸುಮ್ಮನೆ 'ಆಗಲ್ಲ ಕಣೋ'. ಸಿಕ್ಕಿಬಿದ್ದವನು ಮುಖ ತಪ್ಪಿಸುತ್ತಿದ್ದಾನೆ ಎಂದು ನಾನು ಇದನ್ನೂ ಸಾಕ್ಷಿಯ ಪಟ್ಟಿಗೆ ಸೇರಿಸಿಕೊಂಡೆ.

ಫೆಬ್ರವರಿಯಲ್ಲಿ ಸೋರುವುದು ಹೆಚ್ಚಾಗಿ, ರೆಂಟನ್‌ನಲ್ಲಿರುವ ಒಬ್ಬ ಮುದುಕ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ದೆ. ವಿಕ್ಟರ್ ಎಂದು ಹೆಸರು, ಮಾತು ಕಡಿಮೆ. ನಾನು ರಟ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ತೋರಿಸಿದೆ. ಅವನು ಅವುಗಳ ಕಡೆ ನೋಡಲೂ ಇಲ್ಲ. ಗಾಡಿಯನ್ನು ಮೇಲೆತ್ತಿ, ಕೆಳಗೆ ನಿಂತು, ಸೀಲನ್ನು ಬಿಟ್ಟು ಆಕ್ಸಲಿನ ನೆತ್ತಿಯ ಕಡೆ ಟಾರ್ಚು ಬಿಟ್ಟ. ಅಲ್ಲಿಂದ ಮೇಲೆ ಹೋಗುವ ಕಿರುಬೆರಳು ಗಾತ್ರದ ರಬ್ಬರ್ ಕೊಳವೆಯೊಂದಿತ್ತು. ಅದರ ತುದಿಯಿಂದ ಕಲ್ಲಿನಂಥ ಉಂಡೆಯೊಂದನ್ನು ಇಕ್ಕಳದಲ್ಲಿ ಕಿತ್ತ. ಒಳಗಿನಿಂದ ಗಾಳಿ ಬುಸ್ಸೆಂದಿತು.

ಆಕ್ಸಲ್ ಉಸಿರಾಡುವುದು ಈ ಕೊಳವೆಯಿಂದಂತೆ. ಓಡಿದಾಗ ಒಳಗೆ ಬಿಸಿಯಾಗಿ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಎಣ್ಣೆಯನ್ನು ಸೀಲಿನ ಸಂದಿಯಿಂದ ತಳ್ಳುತ್ತದೆ. ಸೀಲಿನದು ಏನೂ ತಪ್ಪಿಲ್ಲ, ಪಾಪ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಎಣ್ಣೆ ಬ್ರೇಕಿಗೂ ಹತ್ತಿ, ಇಳಿಜಾರಿನಲ್ಲಿ ನಮ್ಮ ಕಥೆಯೇ ಮುಗಿಯುತ್ತಿತ್ತು ಎಂದ. ನಾನು ಉಂಡೆಯನ್ನು ಕೈಗೆ ತೆಗೆದುಕೊಂಡೆ. ಅದರ ಮೇಲೆ ಹೆಬ್ಬೆರಳಿನ ಅಚ್ಚು ಬಿದ್ದಿತ್ತು. ನನ್ನದೇ.

ನನ್ನ ತಂದೆ ಮಂಡಿ ಮೊಹಲ್ಲಾದ ಮನೆಯಲ್ಲಿ ತೂತು ಕಂಡರೆ ಮುಚ್ಚುತ್ತಿದ್ದರು. ಇಲಿ ಬರುವ ತೂತು, ಸೊಳ್ಳೆ ಬರುವ ತೂತು, ಮಳೆ ಬರುವ ತೂತು. ಎರಡು ಬಣ್ಣದ ಉಂಡೆಗಳನ್ನು ಕಲಸಿ ಮೆತ್ತುವ ಆ ಅಂಟು, ಒಣಗಿದರೆ ಕಲ್ಲು, ನಮ್ಮ ಮನೆಗೆ ದರ್ಗಾದಲ್ಲಿ ಓದಿಸಿದ ಸಕ್ಕರೆಯಿದ್ದ ಹಾಗೆ. ಊರಿಂದ ಬರುವಾಗಲೆಲ್ಲ ಉಪ್ಪಿನಕಾಯಿಯ ಪಕ್ಕದಲ್ಲಿ ನಾಲ್ಕು ಪಾಕೀಟು ತರುತ್ತೇನೆ. ಸೆಪ್ಟೆಂಬರಿನ ಆ ಭಾನುವಾರ ಗಾಡಿಯ ಕೆಳಗೆ ಮಲಗಿದ್ದಾಗ ಬಾಯಿ ತೆರೆದುಕೊಂಡಿದ್ದ ಕೊಳವೆ ಕಂಡಿತ್ತು. ಈ ಊರ ಮಳೆಗೆ ನೀರು ಹೋಗದೆ ಇರುತ್ತದೆಯೇ, ಶ್ರೀಕಂಠ ಹನ್ನೊಂದು ವರ್ಷ ಇದನ್ನು ನೋಡೇ ಇಲ್ಲವಲ್ಲ ಎಂದುಕೊಂಡು, ಮುಚ್ಚಿ, ಮರೆತೂಬಿಟ್ಟಿದ್ದೆ.

"ಇದನ್ನು ಯಾರು ಮಾಡಿದ್ದು?" ಎಂದು ವಿಕ್ಟರ್ ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಒಂದಿಷ್ಟು ಪ್ರಾಮಾಣಿಕತೆ ಇರುತ್ತದೆ. ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡೇ ನಾನು, "ಹಿಂದಿನ ಮಾಲೀಕ," ಎಂದೆ. ಮೊದಲ ಸಲ ತಿಳಿಯದೆ ಅಂದಿದ್ದೆ. ಈ ಸಲ ತಿಳಿದೂ ಅಂದೆ. "ಮೂರ್ಖನಾದರೂ ಕೆಲಸ ನೀಟಾಗಿ ಮಾಡಿದ್ದಾನೆ," ಎಂದ ವಿಕ್ಟರ್. ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಇದನ್ನು ಬರೆಯದಿದ್ದರೆ ನಡೆಯುತ್ತಿತ್ತು, ಆದರೆ ಆದದ್ದು ಹಾಗೆ.

ಶ್ರೀಕಂಠನಿಗೆ ಹೇಳಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಫೋನಿನಲ್ಲಿ ಹೇಳುವ ಮಾತಲ್ಲ, ಮುಖಾಮುಖಿ ಹೇಳೋಣ ಎಂದುಕೊಂಡೆ. ಮುಖ ಎತ್ತುವುದು ಹೇಗೆ, ಬರೆದು ಕಳಿಸೋಣ ಎಂದುಕೊಂಡೆ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಹೀಗೆ ಮಾರ್ಚ್ ಹೋಯಿತು. ಏಪ್ರಿಲಿನಲ್ಲಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅವನ ಸಂದೇಶ ಬಂತು: ಟೆಕ್ಸಸ್‌ನಲ್ಲಿ ಕೆಲಸ ಸಿಕ್ಕಿದೆ, ಮನೆ ಖಾಲಿ ಮಾಡುತ್ತಿದ್ದೇವೆ, ಊಟದ ಮೇಜು, ಮಂಚ, ಮಿಕ್ಸಿ, ಟ್ರೆಡ್‌ಮಿಲ್ ಇವೆ, ಬೇಕಾದವರು ಬನ್ನಿ. ಊರು ಬಿಡುವ ಸುದ್ದಿ ನೂರಾ ನಲವತ್ತು ಜನರ ಜೊತೆ ನನಗೂ ತಿಳಿಯಿತು. ನಮ್ಮವರು ಹೀಗೆ ಮನೆ ಖಾಲಿ ಮಾಡಿದರೆ ಒಂದು ಗಂಟೆಯಲ್ಲಿ ಚಮಚವೂ ಉಳಿಯುವುದಿಲ್ಲ. ಎರಡು ದಿನವಾದರೂ ಒಬ್ಬರೂ ಕೇಳಲಿಲ್ಲ.

"ನಿಮ್ಮ ಎಣ್ಣೆಗಾಣ ಇನ್ನೂ ತಿರುಗ್ತಾ ಇದೆ ನೋಡಿ," ಎಂದಳು ನಸ್ರೀನ್. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳಬಹುದಿತ್ತು.

ಅದೇ ಗಾಡಿಯಲ್ಲಿ ಸ್ನೊಕ್ವಾಲ್ಮಿಗೆ ಹೋದೆ. ಶ್ರೀಕಂಠ ಗ್ಯಾರೇಜಿನಲ್ಲಿ ಒಬ್ಬನೇ ಇದ್ದ. ಸಾಮಾನನ್ನೆಲ್ಲ ಸಾಲಾಗಿ ಜೋಡಿಸಿದ್ದ. ಒಂದೊಂದರ ಮೇಲೂ ಒಂದೊಂದು ಚೀಟಿ ಅಂಟಿಸಿದ್ದ, ಅವನ ದುಂಡನೆಯ ಅಕ್ಷರ. 'ಮಿಕ್ಸಿ: ಮೂರನೇ ನಂಬರಿನಲ್ಲಿ ಕಿರುಚುತ್ತದೆ.' 'ಮೇಜು: ಎಡಗಾಲು ಸ್ವಲ್ಪ ಅಲ್ಲಾಡುತ್ತದೆ, ಕೆಳಗಡೆ ಮಗಳು ಪೆನ್ನಿನಲ್ಲಿ ಗೀಚಿದ್ದಾಳೆ.' 'ಗಡಿಯಾರ: ತಿಂಗಳಿಗೆ ಎರಡು ನಿಮಿಷ ಹಿಂದೆ ಬೀಳುತ್ತದೆ.' ಒಂದು ಹೂದಾನಿಯ ಮೇಲೂ ಇತ್ತು: 'ಬಿರುಕು ಇಲ್ಲ. ನೀರು ಹಾಕಿ ನೋಡಿದ್ದೇನೆ.' ನಾನು ಆ ಹೂದಾನಿಯ ಮುಂದೆ ನಿಂತುಬಿಟ್ಟೆ. ಮುಂದಕ್ಕೆ ಓದಲಾಗಲಿಲ್ಲ.

ಅಲ್ಲೇ ನಿಂತು ಎಲ್ಲ ಹೇಳಿದೆ. ಕೊಳವೆ, ಉಂಡೆ, ಹೆಬ್ಬೆರಳು, ವಿಕ್ಟರ್‌ಗೆ ಹೇಳಿದ ಸುಳ್ಳು, ಎಲ್ಲವನ್ನೂ. ಅವನು ಪೆಟ್ಟಿಗೆಗೆ ಟೇಪು ಹಚ್ಚುತ್ತಿದ್ದವನು ಹಚ್ಚುತ್ತಲೇ ಇದ್ದ.

"ಈಗ ಸೋರೋದು ನಿಂತಿದೆಯಾ?" ಎಂದು ಕೇಳಿದ.

"ನಿಂತಿದೆ."

"ಮಕ್ಕಳನ್ನ ಕೂರಿಸ್ಕೊಂಡು ಓಡಾಡ್ತೀಯಲ್ಲ, ನನಗೆ ಅದೇ ಯೋಚನೆ ಆಗಿತ್ತು." ಇನ್ನೊಂದು ಪೆಟ್ಟಿಗೆ ಎಳೆದುಕೊಂಡು, "ಒಂದ್ಸಲ ನನ್ನನ್ನ ಕೇಳಿದ್ರೆ ಬಂದು ನೋಡ್ತಿದ್ದೆ ಕಣೋ," ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಅವತ್ತು ಮೇಜು, ಮಂಚ, ಮಿಕ್ಸಿ, ಗಡಿಯಾರ, ಟ್ರೆಡ್‌ಮಿಲ್ ಎಲ್ಲವನ್ನೂ ನಾನೇ ಕೊಂಡೆ. ಹೂದಾನಿಯನ್ನು ಮಾತ್ರ ಕೇಳಲು ಧೈರ್ಯ ಬರಲಿಲ್ಲ.

ಅವರ ಲಾರಿ ಹೊರಟ ಮೇಲೆ, ಎರಡು ದಿನ ಕೂತು ಗುಂಪಿಗೊಂದು ತಪ್ಪೊಪ್ಪಿಗೆ ಬರೆದೆ. ಗಾಡಿ ಚಿನ್ನದಂಥದು, ಹಾಳು ಮಾಡಿದವನು ನಾನು, ಶ್ರೀಕಂಠನ ಮೇಲೆ ಹೇಳಿದ್ದೆಲ್ಲ ಸುಳ್ಳು ಎಂದು ಹೆಸರು ಹಾಕಿ ಒಪ್ಪಿಕೊಂಡೆ. ಕೊನೆಗೆ, ನಮ್ಮ ಮನೆಯಲ್ಲಿ ಒಂದು ಟ್ರೆಡ್‌ಮಿಲ್ ಹೆಚ್ಚಿಗೆ ಇದೆ, ಸುಮ್ಮನೆ ಕೊಡುತ್ತೇನೆ ಎಂದೂ ಸೇರಿಸಿದೆ. ಮೊದಲ ಉತ್ತರ ತಕ್ಷಣ ಬಂತು: "ಇಕ್ಬಾಲ್ ಸರ್, ಅದರಲ್ಲಿ ಯಾವ ತೂತು ಮುಚ್ಚಿದೀರಾ?" ಅದರ ಕೆಳಗೆ ನಗುವ ಮುಖಗಳ ಸಾಲು. ನಕ್ಕವರಲ್ಲಿ ಶ್ರೀಕಂಠನ ಹೆಸರು ಹುಡುಕಿದೆ. ಸಿಗಲಿಲ್ಲ. ಮೇಲಕ್ಕೆ ಸರಿಸಿ ನೋಡಿದರೆ, ಊರು ಬಿಟ್ಟ ದಿನವೇ ಅವನು ಗುಂಪಿನಿಂದಲೂ ಹೊರಗೆ ಹೋಗಿದ್ದ. ಅವನ ಹೆಸರಿಗೆ ಅಂಟಿದ ಮಸಿಯನ್ನು ನಾನು ತೊಳೆದದ್ದು ಎಲ್ಲರಿಗೂ ಗೊತ್ತಾಯಿತು, ಅವನೊಬ್ಬನನ್ನು ಬಿಟ್ಟು. ಬೇರೆಯಾಗಿ ಅವನಿಗೇ ಕಳಿಸಬಹುದಿತ್ತು. 'ನೋಡು, ಹೇಗೆ ಒಪ್ಪಿಕೊಂಡೆ' ಎಂದು ಶಭಾಷ್‌ಗಿರಿ ಕೇಳಿದ ಹಾಗಾಗುತ್ತದೆ ಎಂದು ಬಿಟ್ಟೆ. ಬಹಳ ಬೇಸರದಲ್ಲಿದ್ದೆ, ಆ ದಿನ ಊಟವೂ ಸರಿಯಾಗಿ ಸೇರಲಿಲ್ಲ. ಆದರೂ ಸುಳ್ಳೇಕೆ ಹೇಳಲಿ, ಎಷ್ಟು ಜನ ನಕ್ಕಿದ್ದಾರೆ ಎಂದು ಮಲಗುವುದರೊಳಗೆ ನಾಲ್ಕು ಸಲ ಫೋನು ತೆಗೆದು ನೋಡಿದೆ.